ಭಾಷಾ ಮಾದರಿ ಮತ್ತು ದತ್ತಸಂಚಯ: ಗ್ರಾಮ ಪಂಚಾಯತಿ ಸದಸ್ಯರ ತಿಳಿವಳಿಕೆಗಾಗಿ

ಗ್ರಾಮ ಪಂಚಾಯತಿಗಳ ದೈನಂದಿನ ವ್ಯವಹಾರವು ಈಗ ಬಹುಮಟ್ಟಿಗೆ ಗಣಕದ ಮೂಲಕವೇ ನಡೆಯುತ್ತಿದೆ. ಆಸ್ತಿಗಳ ವಿವರ ಇ-ಸ್ವತ್ತು ತಂತ್ರಾಂಶದಲ್ಲಿಯೂ, ಕರ ಬೇಡಿಕೆ ಮತ್ತು ವಸೂಲಿ ಪಂಚತಂತ್ರದಲ್ಲಿಯೂ, ಹೊಲಗಳ ಪಹಣಿ ಭೂಮಿ ತಂತ್ರಾಂಶದಲ್ಲಿಯೂ ಇವೆ. ಹೀಗೆ ಸಾಲು ಮತ್ತು ಕಾಲಂಗಳಲ್ಲಿ ಕ್ರಮವಾಗಿ ಇರಿಸಿದ ಮಾಹಿತಿಯ ಸಂಗ್ರಹವೇ ದತ್ತಸಂಚಯ ಅಥವಾ ಡೇಟಾಬೇಸ್. ಕೇಳುವ ಕ್ರಮದಲ್ಲಿ ಕೇಳಿದರೆ ಮಾತ್ರ ಅದು ಉತ್ತರ ಕೊಡುತ್ತದೆ. ಸಾಮಾನ್ಯರ ಮಾತು ಅದಕ್ಕೆ ತಿಳಿಯದು.

ಬೃಹತ್ ಭಾಷಾ ಮಾದರಿಯ ಸ್ವಭಾವ ಇದಕ್ಕೆ ವಿರುದ್ಧವಾದುದು. ಅಪಾರ ಪ್ರಮಾಣದ ಬರಹವನ್ನು ಓದಿಸಿ ಸಿದ್ಧಪಡಿಸಿದ ಈ ತಂತ್ರಾಂಶವು, ಒಂದು ಪದದ ನಂತರ ಯಾವ ಪದ ಬರಬಹುದೆಂದು ಅಂದಾಜಿಸುತ್ತ ವಾಕ್ಯ ಕಟ್ಟುತ್ತದೆ. ಮಾತು ಅದಕ್ಕೆ ಸಲೀಸು. ಆದರೆ ಯಾರ ಮನೆಯ ಕರ ಎಷ್ಟು ಬಾಕಿ ಎಂಬುದು ಅದಕ್ಕೆ ತಿಳಿಯದು. ತಿಳಿಯದಿದ್ದರೂ ನಂಬುವಂತಹ ಒಂದು ಅಂಕಿಯನ್ನು ಹೇಳಿಬಿಡಬಹುದು.

ಎರಡನ್ನೂ ಜೋಡಿಸಿದಾಗ ಉಪಯುಕ್ತ ಸಾಧನವಾಗುತ್ತದೆ. ‘ನಮ್ಮ ವಾರ್ಡಿನಾಗ ಮನಿಪಟ್ಟಿ ಎಷ್ಟು ಬಾಕಿ ಐತಿ?’ ಎಂದು ಸದಸ್ಯರು ಕೇಳಿದರೆ, ಮಾದರಿಯು ಆ ಮಾತನ್ನು ದತ್ತಸಂಚಯಕ್ಕೆ ಅರ್ಥವಾಗುವ ಆಜ್ಞೆಯಾಗಿ ಬದಲಿಸುತ್ತದೆ. ದತ್ತಸಂಚಯವು ದಾಖಲೆಯಲ್ಲಿರುವ ಮೊತ್ತವನ್ನು ಹೊರತೆಗೆಯುತ್ತದೆ. ಮಾದರಿಯು ಆ ಮೊತ್ತವನ್ನು ಬದಲಿಸದೆ ಕನ್ನಡದಲ್ಲಿ ತಿಳಿಸುತ್ತದೆ. ಅಂಕಿ ದಾಖಲೆಯದು, ಮಾತು ಮಾತ್ರ ಮಾದರಿಯದು ಎಂಬುದೇ ಇಲ್ಲಿನ ಮೂಲ ನಿಯಮ.

ದೇಶದಲ್ಲಿ ಈ ದಿಕ್ಕಿನ ಪ್ರಯತ್ನಗಳು ನಡೆದಿವೆ. 2022ರಲ್ಲಿ ಕೇಂದ್ರ ಸರ್ಕಾರವು ಭಾರತೀಯ ಭಾಷೆಗಳ ಅನುವಾದಕ್ಕಾಗಿ ಭಾಷಿಣಿ ವೇದಿಕೆಯನ್ನು ಆರಂಭಿಸಿತು. 2023ರಲ್ಲಿ ಹರಿಯಾಣದ ಬಿವಾನ್ ಗ್ರಾಮದಲ್ಲಿ, ಸರ್ಕಾರಿ ಯೋಜನೆಗಳ ಮಾಹಿತಿಯನ್ನು ವಾಟ್ಸ್‌ಆ್ಯಪ್ ಮೂಲಕ ಜನರ ಭಾಷೆಯಲ್ಲಿಯೇ ನೀಡುವ ಜುಗಲ್‌ಬಂದಿ ಎಂಬ ಸಾಧನವನ್ನು ಪ್ರಯೋಗಿಸಲಾಯಿತು. ಗ್ರಾಮ ಸಭೆಯ ಧ್ವನಿಮುದ್ರಣದಿಂದ ನಡವಳಿಯ ಕರಡು ಸಿದ್ಧಪಡಿಸುವ ‘ಸಭಾಸಾರ್’ ಸಾಧನವನ್ನು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವು 2025ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿತು.

ಈ ಭಾಗದಲ್ಲಿ ತಪ್ಪು ಉತ್ತರದ ಪರಿಣಾಮ ಸಣ್ಣದಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಪ್ರವಾಹದಿಂದ ಜಮಖಂಡಿ, ಮುಧೋಳ ಭಾಗದ ಗ್ರಾಮಗಳು ಸಂಕಷ್ಟಕ್ಕೀಡಾದವು. ಹಾನಿಗೊಂಡ ಮನೆಗಳನ್ನು ಎ, ಬಿ, ಸಿ ಎಂದು ವರ್ಗೀಕರಿಸಲಾಯಿತು. ‘ಎ’ ವರ್ಗಕ್ಕೆ 5 ಲಕ್ಷ ರೂಪಾಯಿ, ‘ಸಿ’ ವರ್ಗಕ್ಕೆ 50 ಸಾವಿರ ರೂಪಾಯಿ ಪರಿಹಾರವಿತ್ತು. ಒಂದೇ ಅಕ್ಷರ ತಪ್ಪಾದರೆ ಒಂದು ಕುಟುಂಬದ ಸೂರೇ ತಪ್ಪುತ್ತದೆ. ಅಂತಹ ಅಕ್ಷರವನ್ನು ಮಾದರಿಯ ಊಹೆಗೆ ಬಿಡುವಂತಿಲ್ಲ.

ಆದುದರಿಂದ ಇಂತಹ ಸಾಧನವನ್ನು ಬಳಸುವ ಪ್ರಸ್ತಾವ ಪಂಚಾಯತಿಯ ಮುಂದೆ ಬಂದಾಗ ಸದಸ್ಯರು ಈ ಕೆಳಗಿನ ಅಂಶಗಳನ್ನು ಪರಿಶೀಲಿಸುವುದು ಸೂಕ್ತ.

1. ಸಾಧನಕ್ಕೆ ದಾಖಲೆಯನ್ನು ಓದುವ ಅಧಿಕಾರ ಮಾತ್ರ ಇರಬೇಕು. ತಿದ್ದುವ ಅಥವಾ ಅಳಿಸುವ ಅಧಿಕಾರ ಇರಕೂಡದು.

2. ಪ್ರತಿ ಉತ್ತರದೊಡನೆ ಅದು ಯಾವ ದಾಖಲೆಯಿಂದ, ಯಾವ ದಿನಾಂಕದ ಮಾಹಿತಿಯಿಂದ ಬಂದಿದೆ ಎಂಬುದು ಕಾಣಬೇಕು. ದಾಖಲೆ ಇಲ್ಲದಿದ್ದಲ್ಲಿ ‘ಮಾಹಿತಿ ಲಭ್ಯವಿಲ್ಲ’ ಎಂದೇ ಉತ್ತರ ಬರಬೇಕು.

3. ಸ್ಥಳೀಯ ಮಾತು ಅದಕ್ಕೆ ತಿಳಿಯಬೇಕು. ಇಲ್ಲಿನ ರೈತರು ಪಹಣಿಗೆ ‘ಉತಾರ’ ಎನ್ನುತ್ತಾರೆ. ಬೀಳಗಿಯ ಪುನರ್ವಸತಿ ಗ್ರಾಮಗಳ ನಿವಾಸಿಯಾಗಲಿ, ರಬಕವಿ-ಬನಹಟ್ಟಿಯ ನೇಕಾರರಾಗಲಿ ತಮ್ಮ ಮಾತಿನಲ್ಲಿಯೇ ಕೇಳಿ ಪರೀಕ್ಷಿಸಿದ ನಂತರವೇ ಅದನ್ನು ಒಪ್ಪಿಕೊಳ್ಳಬೇಕು.

4. ಮೂಲ ದಾಖಲೆ ಶುದ್ಧವಾಗಿರಬೇಕು. ಒಬ್ಬರೇ ವ್ಯಕ್ತಿಯ ಹೆಸರು ಒಂದೆಡೆ ‘ಸಿದ್ದಪ್ಪ’, ಇನ್ನೊಂದೆಡೆ ‘ಸಿದ್ಧಪ್ಪ’ ಎಂದಿದ್ದರೆ ಗಣಕವು ಅವರನ್ನು ಇಬ್ಬರೆಂದು ಎಣಿಸಬಹುದು.

5. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಮುಂತಾದ ವೈಯಕ್ತಿಕ ವಿವರಗಳನ್ನು ಹೊರಗಿನ ಉಚಿತ ತಂತ್ರಾಂಶಗಳಿಗೆ ನೀಡಕೂಡದು. ಇಂತಹ ವಿವರಗಳ ರಕ್ಷಣೆಗಾಗಿಯೇ ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವನ್ನು ಅಂಗೀಕರಿಸಿದೆ.

ಸಾಧನವು ಸಿದ್ಧಪಡಿಸಿದ ನಡವಳಿ ಕರಡು ಮಾತ್ರ. ಸಭೆಯಲ್ಲಿ ಓದಿ, ತಿದ್ದಿ, ಸಹಿಯಾದ ನಂತರವೇ ಅದು ದಾಖಲೆ. ಫಲಾನುಭವಿಗಳ ಆಯ್ಕೆಯೂ ಗ್ರಾಮ ಸಭೆಯದ್ದೇ ಹೊರತು ಗಣಕದ್ದಲ್ಲ. ಹುಡುಕುವ ಶ್ರಮವನ್ನು ಯಂತ್ರ ಕಡಿಮೆ ಮಾಡಬಹುದು. ತೀರ್ಮಾನದ ಹೊಣೆಯು ಚುನಾಯಿತ ಸದಸ್ಯರ ಮೇಲೆಯೇ ಉಳಿಯುತ್ತದೆ.