ಕೆಟ್ಟ ಪೆನ್‌ಡ್ರೈವ್‌ಗೂ ಉಂಟು ಜಾತಕ!

ಹಿಂದೂಪುರ: ಮದುವೆ ಹಿಂದೂಪುರದಲ್ಲಿ, ಬೀಗರು ಗೌರಿಬಿದನೂರಿನಲ್ಲಿ. ಇಲ್ಲವೇ ಗೃಹಪ್ರವೇಶ ಕಲ್ಯಾಣದುರ್ಗದಲ್ಲಿ, ನೆಂಟರೆಲ್ಲ ಪಾವಗಡದಲ್ಲಿ. ಗಡಿಯ ಈಚೆ ಬಾಳುವ ಕನ್ನಡ ಕುಟುಂಬಗಳಿಗೆ ಇದು ಹೊಸದೇನಲ್ಲ. ಸ್ಟುಡಿಯೋದವರು ಫೋಟೊ, ವಿಡಿಯೊ ತುಂಬಿಕೊಟ್ಟ ಪೆನ್‌ಡ್ರೈವ್ ಬಸ್ಸಿನಲ್ಲಿ ಆಚೆ ಈಚೆ ಓಡಾಡುತ್ತಲೇ ಇರುತ್ತದೆ. ಒಂದು ದಿನ ಕಂಪ್ಯೂಟರಿಗೆ ಚುಚ್ಚಿದರೆ ‘ಡಿಸ್ಕ್ ಹಾಕಿ’ ಎಂಬ ಸಂದೇಶ. ಹಾಕಿರೋದೇ ಡಿಸ್ಕು, ಇನ್ನೇನು ಹಾಕೋದು?

ಆಗ ಬಹಳ ಮಂದಿ ಫಾರ್ಮ್ಯಾಟ್ ಒತ್ತುತ್ತಾರೆ, ಇಲ್ಲವೇ ಕಸದ ಬುಟ್ಟಿಗೆ ಎಸೆಯುತ್ತಾರೆ. ಎರಡೂ ಅವಸರದ ಕೆಲಸ. ಫೋಟೊ ಬೇಕೋ, ಪೆನ್‌ಡ್ರೈವ್ ಬೇಕೋ ಎಂದು ಮೊದಲು ತೀರ್ಮಾನಿಸಬೇಕು. ಏಕೆಂದರೆ ಡ್ರೈವ್ ಸರಿಮಾಡುವ ದಾರಿಯೇ ಬೇರೆ, ಫೋಟೊ ಉಳಿಸುವ ದಾರಿಯೇ ಬೇರೆ. ಎರಡಕ್ಕೂ ಒಳಗಿನ ಚಿಪ್ ಯಾವುದೆಂದು ಗೊತ್ತಿರಬೇಕು.

ಕಣಜ ಮತ್ತು ಗುಮಾಸ್ತ

ಹಳೆಯ ಮಾದರಿಯ ಪೆನ್‌ಡ್ರೈವ್ ಬಿಚ್ಚಿದರೆ ಮುಖ್ಯವಾಗಿ ಎರಡು ಚಿಪ್ ಕಾಣುತ್ತವೆ. ದೊಡ್ಡದು ಮಾಹಿತಿ ತುಂಬುವ ಕಣಜ. ಇದಕ್ಕೆ ನ್ಯಾಂಡ್ ಫ್ಲ್ಯಾಶ್ ಎಂದು ಹೆಸರು. ತೋಷಿಬಾ ಕಂಪನಿಯ ಎಂಜಿನಿಯರ್ ಫುಜಿಯೊ ಮಸುವೊಕ ಇದನ್ನು 1987ರಲ್ಲಿ ಜಗತ್ತಿಗೆ ತೋರಿಸಿದರು. ಚಿಕ್ಕದು ಕಂಟ್ರೋಲರ್, ಕಣಜದ ಲೆಕ್ಕ ಇಡುವ ಗುಮಾಸ್ತ. ಗುಮಾಸ್ತನ ಲೆಕ್ಕದ ಪುಸ್ತಕ ಹಾಳಾದರೆ ಕಣಜ ತುಂಬಿದ್ದರೂ ಕಂಪ್ಯೂಟರಿಗೆ ಕಾಣುವುದು ಸೊನ್ನೆ.

ಕಂಟ್ರೋಲರ್ ತಯಾರಿಸುವವರಲ್ಲಿ ತೈವಾನಿನ ಫೈಸನ್, ಆಲ್ಕಾರ್, ಸಿಲಿಕಾನ್ ಮೋಷನ್ ಪ್ರಮುಖರು. ಅಂಗಡಿಯಲ್ಲಿ ಒಂದೇ ಬ್ರ್ಯಾಂಡಿನ, ಒಂದೇ ಮಾಡೆಲಿನ ಎರಡು ಡ್ರೈವ್ ಕೊಂಡರೂ ಒಳಗೆ ಬೇರೆ ಬೇರೆ ಕಂಟ್ರೋಲರ್ ಇರಬಹುದು. ಹಾಗಾಗಿ ಗೆಳೆಯನ ಡ್ರೈವ್ ರಿಪೇರಿ ಮಾಡಿದ ಸಾಫ್ಟ್‌ವೇರ್ ನಿಮ್ಮದಕ್ಕೆ ಆಗಿಬರುವುದಿಲ್ಲ. ಮೇಲಿನ ಹೆಸರು ನೋಡಿ ಔಷಧ ಕೊಟ್ಟರೆ ಇದೇ ಫಜೀತಿ.

ನಂಬರ್ ನೋಡುವುದು ಹೇಗೆ?

ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆಯಿರಿ. ‘ಯುಎಸ್‌ಬಿ ಮಾಸ್ ಸ್ಟೋರೇಜ್ ಡಿವೈಸ್’ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅಲ್ಲಿಂದ ಡೀಟೇಲ್ಸ್, ನಂತರ ‘ಹಾರ್ಡ್‌ವೇರ್ ಐಡೀಸ್’ ಆರಿಸಿ. ವಿಐಡಿ, ಪಿಐಡಿ ಎಂಬ ಎರಡು ಸಂಖ್ಯೆ ಸಿಗುತ್ತವೆ. ವಿಐಡಿ 058ಎಫ್ ಇದ್ದರೆ ಆಲ್ಕಾರ್, 090ಸಿ ಇದ್ದರೆ ಸಿಲಿಕಾನ್ ಮೋಷನ್, 13ಎಫ್‌ಇ ಇದ್ದರೆ ಫೈಸನ್. 0781 ಸ್ಯಾನ್‌ಡಿಸ್ಕ್‌ನದು, 0951 ಕಿಂಗ್‌ಸ್ಟನ್‌ನದು. ಆದರೆ ಈ ಕೊನೆಯ ಎರಡು ಮಾರುವವರ ಹೆಸರನ್ನು ಹೇಳುತ್ತವೆಯೇ ಹೊರತು ಚಿಪ್‌ನ ಹೆಸರನ್ನಲ್ಲ.

ಈ ಸಂಖ್ಯೆಯನ್ನೂ ಬದಲಾಯಿಸಬಹುದು. ನಕಲಿ ಮಾಡುವವರಿಗೆ ಅದು ಎಡಗೈ ಕೆಲಸ. ಅದಕ್ಕೇ ರಿಪೇರಿಯವರು ‘ಚಿಪ್‌ಜೀನಿಯಸ್’ನಂಥ ತಂತ್ರಾಂಶ ಬಳಸಿ ಕಂಟ್ರೋಲರನ್ನೇ ನೇರವಾಗಿ ವಿಚಾರಿಸುತ್ತಾರೆ. ಅದೂ ಆಗದಿದ್ದರೆ ಕವಚ ಬಿಚ್ಚಿ, ಭೂತಗನ್ನಡಿ ಹಿಡಿದು ಚಿಪ್ ಮೇಲಿನ ಅಕ್ಷರ ಓದುವುದೇ ಖಾತ್ರಿ ದಾರಿ. ಈಚಿನ ಪುಟಾಣಿ ಡ್ರೈವ್‌ಗಳಲ್ಲಿ ಕಣಜ, ಗುಮಾಸ್ತ ಎರಡನ್ನೂ ಒಂದೇ ಕಪ್ಪು ಬಿಲ್ಲೆಯಲ್ಲಿ ಹುದುಗಿಸಿರುತ್ತಾರೆ. ಅಲ್ಲಿ ಈ ಆಟ ನಡೆಯದು.

ಡಿವೈಸ್ ಮ್ಯಾನೇಜರ್‌ನಲ್ಲಿ ಏನೂ ಕಾಣದಿದ್ದರೆ? ಗಾಬರಿ ಬೇಡ. ಕೆಳಗೆ ಬಿದ್ದೋ ಬಗ್ಗಿಯೋ ಪಿನ್ನಿನ ಬೆಸುಗೆ ಬಿಟ್ಟಿರಬಹುದು. ಕೈ ಪಳಗಿದ ಮೊಬೈಲ್ ರಿಪೇರಿಯವರು ಬೆಸುಗೆ ಹಾಕಿಕೊಟ್ಟರೆ ಫೋಟೊ ಸಮೇತ ಎಲ್ಲ ವಾಪಸ್ ಬರುವುದುಂಟು. ‘ರೈಟ್ ಪ್ರೊಟೆಕ್ಟೆಡ್’ ಎಂದು ಬಂದರೂ ಫೈಲು ತೆರೆಯುತ್ತಿದ್ದರೆ ಅದು ಸವೆದ ಡ್ರೈವ್ ಕೊಡುವ ಕೊನೆಯ ಅವಕಾಶ ಇರಬಹುದು. ಮೊದಲು ಕಾಪಿ ಮಾಡಿಕೊಳ್ಳಿ, ಆಮೇಲೆ ಮಿಕ್ಕಿದ್ದು.

ಹೆಸರು ಕಾಣುತ್ತಿದೆ, ಅಳತೆ ಮಾತ್ರ ಸೊನ್ನೆ ಎಂದಾದರೆ ಆಯಾ ಕಂಟ್ರೋಲರಿಗೆ ಹೊಂದುವ ಕಾರ್ಖಾನೆ ತಂತ್ರಾಂಶ ಬೇಕು. ರಿಪೇರಿಯವರು ಅದನ್ನು ‘ಎಂಪಿ ಟೂಲ್’ ಎನ್ನುತ್ತಾರೆ. ಡ್ರೈವ್ ಮತ್ತೆ ಜೀವ ಪಡೆಯಬಹುದು, ಒಳಗಿದ್ದದ್ದೆಲ್ಲ ಮಾತ್ರ ಅಳಿಸಿಹೋಗುತ್ತದೆ. ಈ ಮಾತನ್ನು ಮೊದಲೇ ಹೇಳದ ಅಂಗಡಿಗೆ ಡ್ರೈವ್ ಕೊಡದಿರುವುದೇ ಲೇಸು. ತೀರಿಹೋದ ಅಜ್ಜಿಯ ದನಿ ಅದರಲ್ಲೇ ಇದ್ದರೆ ಆ ತಂತ್ರಾಂಶದ ತಂಟೆಗೇ ಹೋಗಬೇಡಿ. ಮಾಹಿತಿ ಹೊರತೆಗೆಯುವ ಲ್ಯಾಬಿನವರು ಫ್ಲ್ಯಾಶ್ ಚಿಪ್ಪನ್ನು ಕಿತ್ತು ಓದುತ್ತಾರೆ. ಅಲ್ಲಿ ಸಿಗುವುದು ಕಲಸುಮೇಲೋಗರ. ಅದನ್ನು ಬಿಡಿಸಲು ಗುಮಾಸ್ತ ಯಾರೆಂದು ಅವರಿಗೂ ಗೊತ್ತಾಗಬೇಕು. ಖರ್ಚು ಹೊಸ ಡ್ರೈವ್‌ಗಿಂತ ಎಷ್ಟೋ ಪಾಲು ಹೆಚ್ಚು. ಅದಕ್ಕೂ ಮುಂಚೆ, ಮೂಲ ಫೋಟೊ ಇನ್ನೂ ಇದೆಯಾ ಅಂತ ಸ್ಟುಡಿಯೋದವರನ್ನು ಒಂದು ಮಾತು ಕೇಳಿಬಿಡಿ.

ಇನ್ನು ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಡ್ರೈವ್‌ಗಳ ಕಥೆ. ಮೇಲೆ 64 ಜಿಬಿ ಎಂದಿರುತ್ತದೆ, ಒಳಗೆ 8 ಜಿಬಿ ಮಾತ್ರ. ಅದು ತುಂಬುವ ತನಕ ಎಲ್ಲ ಸರಿ, ಆಮೇಲೆ ಹಾಕಿದ್ದು ಹಾಳು. ‘ಎಚ್2ಟೆಸ್ಟ್‌ಡಬ್ಲ್ಯು’ ಎಂಬ ಉಚಿತ ತಂತ್ರಾಂಶ ಖಾಲಿ ಡ್ರೈವನ್ನು ಪೂರ್ತಿ ತುಂಬಿಸಿ, ಓದಿ, ನಿಜ ಅಳತೆ ಹೇಳುತ್ತದೆ. ಮದುವೆ ಫೋಟೊ ತುಂಬಿಸುವ ಮೊದಲೇ ಈ ಪರೀಕ್ಷೆ ಮಾಡಿ.

ರಿಪೇರಿಗೆಂದು ಹಿಂದೂಪುರದವರು ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಲಿ, ಕಲ್ಯಾಣದುರ್ಗದವರು ಅನಂತಪುರಕ್ಕೆ ಹೋಗಲಿ, ವಿಐಡಿ, ಪಿಐಡಿ, ಕಂಟ್ರೋಲರ್ ಹೆಸರು ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಮೊದಲು ಅಂಗಡಿಗೆ ಫೋನ್ ಮಾಡಿ ಅದನ್ನೇ ಓದಿ ಹೇಳಿದರೆ, ಆಗುತ್ತೋ ಇಲ್ಲವೋ ಎಂದು ಅಲ್ಲಿಂದಲೇ ಹೇಳಿಯಾರು. ಬಸ್ ಚಾರ್ಜಾದರೂ ಉಳಿದೀತು.