ರಾಸ್ಟರ್ ಚಿತ್ರಗಳಲ್ಲಿ ವರ್ಣಕೋಷ್ಟಕದ ವಿನಿಯೋಗ

ಗಣಕಯಂತ್ರದ ನೆರವಿನಿಂದ ನಕ್ಷೆ ರಚಿಸುವವರು ಎರಡು ಬಗೆಯ ಚಿತ್ರಗಳನ್ನು ಬಳಸುವರು. ರೇಖಾಚಿತ್ರದಲ್ಲಿ ಪ್ರತಿಯೊಂದು ಗೆರೆಯೂ ತನ್ನ ಆದ್ಯಂತ ಬಿಂದುಗಳಿಂದ ಗುರುತಿಸಲ್ಪಡುವುದು. ರಾಸ್ಟರ್ ಚಿತ್ರವಾದರೋ ಚದುರಂಗದ ಹಲಗೆಯಂತೆ ಸಾಲುಸಾಲಾಗಿ ಜೋಡಿಸಿದ ಸಣ್ಣ ಚೌಕಗಳ ಸಮೂಹ. ಹಳೆಯ ಭೂಪಟವನ್ನು ಸ್ಕ್ಯಾನ್ ಮಾಡಿ, ಆಟೋಕ್ಯಾಡ್‌ನಂತಹ ತಂತ್ರಾಂಶದಲ್ಲಿ ತೆರೆದು, ಅದರ ಮೇಲೆ ಹೊಸ ರಸ್ತೆಯ ಗೆರೆಯನ್ನು ಎಳೆಯುವಾಗ ಇವೆರಡೂ ಒಂದೆಡೆ ಕೂಡುವುವು.

ರಾಸ್ಟರ್ ಚಿತ್ರದ ಚೌಕದಲ್ಲಿ ಯಾವಾಗಲೂ ಬಣ್ಣವೇ ಅಡಗಿರಬೇಕೆಂಬ ನಿಯಮವಿಲ್ಲ. ಅನೇಕ ಚಿತ್ರಗಳಲ್ಲಿ ಅಲ್ಲಿರುವುದು 0ಯಿಂದ 255ರವರೆಗಿನ ಒಂದು ಅಂಕಿ ಮಾತ್ರ. ಯಾವ ಅಂಕಿಗೆ ಯಾವ ಬಣ್ಣವೆಂಬುದನ್ನು ತಿಳಿಸುವ ಪಟ್ಟಿಯೇ ವರ್ಣಕೋಷ್ಟಕ, ಅಥವಾ ಕಲರ್ ಮ್ಯಾಪ್. ಇದರಿಂದ ಮಿತವ್ಯಯವೂ ಸಾಧಿಸುತ್ತದೆ. ಹತ್ತು ಲಕ್ಷ ಚೌಕಗಳಿಗೆ ಕೆಂಪು, ಹಸಿರು, ನೀಲಿಗಳ ಪ್ರಮಾಣವನ್ನು ಪ್ರತ್ಯೇಕವಾಗಿ ಬರೆದಿಟ್ಟರೆ ಮೂವತ್ತು ಲಕ್ಷ ಬೈಟುಗಳು ಬೇಕು. ಕೋಷ್ಟಕವಿದ್ದಲ್ಲಿ ಹತ್ತು ಲಕ್ಷದ ಮೇಲೆ 768 ಬೈಟುಗಳು ಸಾಕು.

ಎರಡನೆಯ ಪ್ರಯೋಜನ ಇನ್ನೂ ಮುಖ್ಯವಾದುದು. ಭಾರತೀಯ ಸರ್ವೇಕ್ಷಣ ಇಲಾಖೆಯ ಸ್ಥಳಾಕೃತಿ ನಕ್ಷೆಗಳಲ್ಲಿ ಸಮೋನ್ನತಿ ರೇಖೆಗಳು ಕಂದು, ನೀರು ನೀಲಿ, ಸಸ್ಯಪ್ರದೇಶ ಹಸಿರು. ಸ್ಕ್ಯಾನ್ ಮಾಡಿದ ಹಾಳೆಯನ್ನು ಕೆಲವೇ ಬಣ್ಣಗಳಿಗೆ ಇಳಿಸಿದ ಮೇಲೆ, ಕೋಷ್ಟಕದಲ್ಲಿ ಕಂದನ್ನು ಬೂದಿಬಣ್ಣವಾಗಿ ತಿದ್ದಿದರೆ ಹಾಳೆಯಲ್ಲಿನ ಆ ಗೆರೆಗಳೆಲ್ಲವೂ ಏಕಕಾಲಕ್ಕೆ ಮಸುಕಾಗಿ, ಹೊಸ ರೇಖೆ ಸ್ಫುಟವಾಗಿ ಕಾಣುವುದು. ಚೌಕದೊಳಗಿನ ಅಂಕಿ ಮಾತ್ರ ಕದಲದು.

ಅಂಕಿಯು ಅಳತೆಯನ್ನು ಸೂಚಿಸುವಾಗ ಹೆಚ್ಚಿನ ಎಚ್ಚರ ಅವಶ್ಯ. 2000ದ ಫೆಬ್ರವರಿಯಲ್ಲಿ ಎಂಡೆವರ್ ಆಕಾಶನೌಕೆಯ ರೇಡಾರ್ ಭೂತಲದ ಬಹುಭಾಗದ ಎತ್ತರವನ್ನು ಅಳೆಯಿತು. ಹತ್ತರಲ್ಲಿ ಒಂಬತ್ತು ಪಾಲು ಅಳತೆಗಳ ದೋಷ 16 ಮೀಟರನ್ನು ಮೀರಬಾರದೆಂಬುದು ಆ ಕಾರ್ಯದ ಗುರಿಯಾಗಿತ್ತು. ಈ ಎತ್ತರಗಳಲ್ಲಿ 0ಯಿಂದ 1,920 ಮೀಟರಿನವರೆಗಿನ ಹರವನ್ನು 256 ಬಣ್ಣಗಳಿಗೆ ಹಂಚಿದರೆ ಒಂದೊಂದು ಬಣ್ಣಕ್ಕೆ ಏಳೂವರೆ ಮೀಟರು ಬರುವುದು. 256 ಮೀಟರಿನ ಹರವನ್ನಷ್ಟೇ ಆರಿಸಿಕೊಂಡರೆ ಮೀಟರಿಗೊಂದು ಬಣ್ಣ ದೊರೆಯುವುದು. ಚಿತ್ರವೇನೋ ಸೂಕ್ಷ್ಮವಾಯಿತು, ಅಳತೆ ಸೂಕ್ಷ್ಮವಾಗಲಿಲ್ಲ. ಆ ಬಣ್ಣಗಳನ್ನೇ ನಂಬಿ ಚರಂಡಿಯ ಇಳಿಜಾರನ್ನು ನಿರ್ಣಯಿಸಿದರೆ ನೀರು ಎಣಿಸಿದ ದಿಕ್ಕಿಗೆ ಹರಿಯದೆ ಹೋಗಬಹುದು.

ಕಾಮನಬಿಲ್ಲಿನ ಬಣ್ಣಗಳ ಕೋಷ್ಟಕದಲ್ಲಿ ಬೇರೊಂದು ದೋಷವಿದೆ. ನಡುವೆ ಬರುವ ಹಳದಿ ಕಣ್ಣಿಗೆ ಅತ್ಯಂತ ಉಜ್ವಲವಾದುದರಿಂದ, ನೆಲ ಸಮನಾಗಿ ಏರುವಲ್ಲಿಯೂ ಇಲ್ಲದ ಅಂಚೊಂದು ಇದ್ದಂತೆ ತೋರುವುದು. 2015ರಲ್ಲಿ ರಚಿತವಾದ ವಿರಿಡಿಸ್ ಎಂಬ ಕೋಷ್ಟಕದಲ್ಲಿ ಕಡುನೇರಳೆಯಿಂದ ಹಳದಿಯವರೆಗೆ ಕಾಂತಿ ಕ್ರಮವಾಗಿ ಏರುತ್ತದೆ. ಕೆಂಪು ಹಸಿರುಗಳ ಭೇದವನ್ನು ಅರಿಯದ ಕಣ್ಣಿಗೂ ಅದು ಬಹುಮಟ್ಟಿಗೆ ಸುಗ್ರಾಹ್ಯ.

ಆದಕಾರಣ ನಕ್ಷೆಯ ಅಂಚಿನಲ್ಲಿ ಬಣ್ಣಗಳ ವಿವರಣೆಯನ್ನೂ, ಆರಿಸಿದ ಹರವನ್ನೂ, ಮೂಲ ಅಳತೆಯ ದೋಷಮಿತಿಯನ್ನೂ ನಮೂದಿಸುವುದು ನಕ್ಷೆಗಾರನ ಕರ್ತವ್ಯ. ಬಣ್ಣವು ಅಂಕಿಯ ವ್ಯಾಖ್ಯಾನವೇ ಹೊರತು ಅಂಕಿಯಲ್ಲ.