ಜೆಟ್ ದೋಣಿಯ ಹೊಟ್ಟೆಯಲ್ಲಿರುವುದು ಪಂಪ್‌ಸೆಟ್

ಶಂಶಾಬಾದಿನಲ್ಲಿ ‘ಜೆಟ್’ ಎಂದರೆ ಯಾರೂ ನೀರಿನ ಕಡೆ ನೋಡುವುದಿಲ್ಲ, ತಲೆ ಎತ್ತಿ ಆಕಾಶ ನೋಡುತ್ತಾರೆ. 2008ರಿಂದ ಹೈದರಾಬಾದಿನ ವಿಮಾನ ನಿಲ್ದಾಣ ಇರುವುದು ಇಲ್ಲಿ. ಅದರ ಆವರಣದಲ್ಲೇ ವಿಮಾನಗಳನ್ನು ಬಿಚ್ಚಿ ಜೋಡಿಸುವ ಹ್ಯಾಂಗರುಗಳಿವೆ. ಆದರೆ ಊರಿನ ಮಗ್ಗುಲಲ್ಲೇ ಹಿಮಾಯತ್ ಸಾಗರ ಮಲಗಿದೆ, ಬೆಂಗಳೂರಿನ 44ನೇ ಹೆದ್ದಾರಿ ಊರನ್ನು ಹಾದೇ ಹೋಗುತ್ತದೆ. ಮಲ್ಪೆಯಲ್ಲೋ ಪಣಂಬೂರಿನಲ್ಲೋ ಬಾಡಿಗೆಗೆ ಓಡಿ ಸವೆದ ಜೆಟ್ ಸ್ಕಿಯನ್ನು ಕಡಿಮೆ ಬೆಲೆಗೆ ಕೊಂಡು, ಟ್ರೇಲರಿಗೆ ಏರಿಸಿ ತಂದು, ಅಂಗಳದಲ್ಲೇ ರಿಪೇರಿ ಮಾಡಿಕೊಳ್ಳೋಣ ಎನ್ನುವ ಆಸೆ ಒಳನಾಡಿನವರಿಗೂ ಹುಟ್ಟುತ್ತದೆ. ಆಸೆ ತಪ್ಪಲ್ಲ. ಆದರೆ ಆ ಯಂತ್ರದ ಬಗ್ಗೆ ನಂಬಿಕೊಂಡು ಬಂದ ಮಾತುಗಳಲ್ಲಿ ಅರ್ಧಕ್ಕರ್ಧ ತಪ್ಪು. ಅವನ್ನು ಒಂದೊಂದಾಗಿ ನೋಡೋಣ.

“ಜೆಟ್ ಅಂದಮೇಲೆ ವಿಮಾನದ ಥರದ ಎಂಜಿನ್ ಇರುತ್ತೆ. ಬಾಯಿ ನೀರಿನೊಳಗಿದ್ದು ಹಿಂದಿನ ನೀರನ್ನು ತಳ್ಳಿದರೇ ದೋಣಿ ಮುಂದೆ ಹೋಗೋದು.”

ಎರಡೂ ಅಲ್ಲ. ಎಂಜಿನ್ ಸಾಮಾನ್ಯ ಪೆಟ್ರೋಲಿನದೋ ಡೀಸೆಲಿನದೋ. ಅದು ತಿರುಗಿಸುವುದು ಒಂದು ಪಂಪನ್ನು. ದೋಣಿಯ ತಳದ ಜಾಲರಿಯಿಂದ ನೀರು ಒಳಗೆ ಬರುತ್ತದೆ, ಇಂಪೆಲ್ಲರ್ ಅದಕ್ಕೆ ರಭಸ ಕೊಡುತ್ತದೆ, ಹಿಂದಿನ ಸ್ಥಿರ ರೆಕ್ಕೆಗಳು ಸುಳಿಯನ್ನು ನೆಟ್ಟಗೆ ಮಾಡುತ್ತವೆ, ಕಿರಿದಾದ ನಾಝಲ್ ಅದನ್ನು ಹೊರಗೆ ಎಸೆಯುತ್ತದೆ. ನೀರನ್ನು ಹಿಂದಕ್ಕೆ ಎಸೆಯುವುದೇ ದೋಣಿಯನ್ನು ಮುಂದೆ ನೂಕುತ್ತದೆ. ಎಸೆದ ನೀರು ಎಲ್ಲಿ ಬಿದ್ದರೂ ಲೆಕ್ಕಕ್ಕಿಲ್ಲ. ನ್ಯೂಝಿಲೆಂಡಿನ ಬಿಲ್ ಹ್ಯಾಮಿಲ್ಟನ್ 1950ರ ದಶಕದ ಆರಂಭದಲ್ಲಿ ತಮ್ಮ ಊರಿನ ಆಳವಿಲ್ಲದ ಹೊಳೆಗಳಿಗಾಗಿ ದೋಣಿ ಮಾಡಲು ಹೊರಟಾಗ, ಮೊದಲು ನೀರನ್ನು ದೋಣಿಯ ಅಡಿಯಲ್ಲೇ ಚಿಮ್ಮಿಸುತ್ತಿದ್ದರು. ವೇಗ ಗಂಟೆಗೆ ಸುಮಾರು 17 ಕಿ.ಮೀ. ದಾಟಲಿಲ್ಲ. ನಾಝಲನ್ನು ನೀರಿನ ಮಟ್ಟಕ್ಕಿಂತ ಮೇಲೆ ತಂದ ಮೇಲೆಯೇ ದೋಣಿ ಓಡಿದ್ದು.

ಇದನ್ನು ನಮ್ಮ ಹಳ್ಳಿಯ ಪಂಪ್‌ಸೆಟ್ ಮೆಕ್ಯಾನಿಕ್ಕು ಕಾರಿನ ಮೆಕ್ಯಾನಿಕ್ಕಿಗಿಂತ ಬೇಗ ಹಿಡಿಯುತ್ತಾನೆ. ಫುಟ್‌ವಾಲ್ವಿಗೆ ಕಸ ಸಿಕ್ಕಿದರೆ ಏನಾಗುತ್ತದೆ, ಪಂಪು ಗಾಳಿ ಎಳೆದರೆ ಮೋಟಾರಿನ ಸದ್ದು ಹೇಗೆ ಬದಲಾಗುತ್ತದೆ, ಇಂಪೆಲ್ಲರ್ ಸವೆದರೆ ನೀರಿನ ಧಾರೆ ಹೇಗೆ ಸೊರಗುತ್ತದೆ, ಇವೆಲ್ಲ ಅವನ ಕಿವಿಗೆ ಗೊತ್ತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಂಪನಿ 1926ರಲ್ಲೇ ಸೆಂಟ್ರಿಫ್ಯೂಗಲ್ ಪಂಪ್ ಮಾಡಿ ಮಾರಿದ ನಾಡು ನಮ್ಮದು. ಪಂಪಿನ ತಿಳಿವಳಿಕೆಗೆ ನಾವು ನ್ಯೂಝಿಲೆಂಡಿಗೆ ಹೋಗಬೇಕಾಗಿಲ್ಲ.

“ಹೊರಗೆ ಪ್ರೊಪೆಲ್ಲರ್ ಇಲ್ಲ, ಹಾಗಾಗಿ ಸವೆಯೋದೇನೂ ಇಲ್ಲ.”

ಇದಕ್ಕಿಂತ ದುಬಾರಿ ನಂಬಿಕೆ ಇನ್ನೊಂದಿಲ್ಲ. ಇಂಪೆಲ್ಲರಿನ ಅಲಗುಗಳ ತುದಿಗೂ ಅದನ್ನು ಸುತ್ತಿಕೊಂಡಿರುವ ವೇರ್ ರಿಂಗಿಗೂ ನಡುವೆ ಹೊಸದರಲ್ಲಿ ಇರುವುದು ಮಿಲಿಮೀಟರಿನ ಒಂದು ಸಣ್ಣ ಪಾಲಿನಷ್ಟು ಸಂದು. ಜೆಟ್ ದೋಣಿಯ ಜೀವ ಇರುವುದು ಆ ಸಂದಿನಲ್ಲಿ. ಮರಳು ನುಂಗಿದಂತೆಲ್ಲ ಅದು ಅಗಲವಾಗುತ್ತದೆ. ಆಗ ಒತ್ತಿದ ನೀರು ಹಿಂದಕ್ಕೆ ಹೋಗುವ ಬದಲು ಅಲಗಿನ ತುದಿಯಿಂದ ಜಾರಿ ಮತ್ತೆ ಮುಂದಕ್ಕೇ ಬರುತ್ತದೆ. ಎಂಜಿನ್ ಅಬ್ಬರಿಸುತ್ತದೆ, ದೋಣಿ ಮೈ ಕೊಡುವುದಿಲ್ಲ. ಕಡಲತೀರದಲ್ಲಿ ಬಾಡಿಗೆಗೆ ಓಡಿದ ಗಾಡಿಗಳಲ್ಲಿ ಇದನ್ನೇ ಮೊದಲು ನೋಡಬೇಕು. ಅವು ದಿನವಿಡೀ ದಡದ ಮರಳಿನಲ್ಲೇ ಹತ್ತಿಸಿ ಇಳಿಸಿ ಬದುಕಿದವು.

ನೋಡುವುದು ಕಷ್ಟವಲ್ಲ. ಟ್ರೇಲರ್ ಮೇಲಿರುವಾಗ ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿ ಬಿಡಿಸಿ, ಜಾಲರಿಯ ಕಡೆಯಿಂದ ಟಾರ್ಚು ಬಿಟ್ಟು ನೋಡಿ. ಅಲಗಿನ ಮುಂಚೂಣಿ ಕಚ್ಚಿದಂತಿದೆಯೇ, ರಿಂಗಿನಲ್ಲಿ ಬೆರಳಿಗೆ ತಾಗುವ ಗೀರುಗಳಿವೆಯೇ? ಆಮೇಲೆ ಫೀಲರ್ ಗೇಜ್ ತೂರಿಸಿ ಸುತ್ತಲೂ ನಾಲ್ಕು ಕಡೆ ಅಳೆಯಿರಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಬಂದರೆ ತಪ್ಪು ರಿಂಗಿನದಲ್ಲ, ಬೇರಿಂಗಿನದೋ ಶಾಫ್ಟಿನದೋ ಇರಬಹುದು. ಎಷ್ಟಾದರೆ ಬದಲಿಸಬೇಕೆಂಬ ಮಿತಿ ಆಯಾ ಪಂಪಿನ ಕೈಪಿಡಿಯಲ್ಲಿರುತ್ತದೆ. ಅಂದಾಜಿನ ಮೇಲೆ ಹೋಗಬೇಡಿ.

ಇನ್ನೊಂದು ಪರೀಕ್ಷೆಗೆ ಬಿಚ್ಚುವ ಕೆಲಸವೇ ಇಲ್ಲ. ಪ್ರೊಪೆಲ್ಲರ್ ದೋಣಿಯಲ್ಲಿ ಜನ ಹೆಚ್ಚು ಹತ್ತಿದರೆ ಎಂಜಿನ್ನಿನ ಸುತ್ತು ಇಳಿಯುತ್ತದೆ. ಜೆಟ್ಟಿನಲ್ಲಿ ಪಂಪಿನ ಹೊರೆ ದೋಣಿಯ ಭಾರವನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ, ಪೂರ್ತಿ ಥ್ರಾಟಲಿನಲ್ಲಿ ಸುತ್ತು ಹೆಚ್ಚುಕಡಿಮೆ ಒಂದೇ ಇರುತ್ತದೆ. ಆದ್ದರಿಂದ ಹಿಂದಿಗಿಂತ ಸುತ್ತು ಏರಿ ವೇಗ ಇಳಿದಿದ್ದರೆ ರೋಗ ಪಂಪಿನದು. ಸುತ್ತೇ ಇಳಿದಿದ್ದರೆ ಎಂಜಿನ್ನಿನದು. ಕರಾವಳಿಯಿಂದ ತಂದ ದೋಣಿಗೆ ಇಲ್ಲಿ ಒಂದು ರಿಯಾಯಿತಿ ಕೊಡಬೇಕು. ಹಿಮಾಯತ್ ಸಾಗರದ ಪೂರ್ಣ ಮಟ್ಟವೇ ಸಮುದ್ರದಿಂದ ಸುಮಾರು 537 ಮೀಟರ್ ಮೇಲೆ. ಈ ಎತ್ತರದಲ್ಲಿ ಗಾಳಿ ಸುಮಾರು ಶೇ. 5 ತೆಳು, ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿಯೂ ಅಷ್ಟು ಕುಗ್ಗುತ್ತದೆ. ಮೀಟರಿನ ಮುಳ್ಳು ತುಸು ಕೆಳಗೆ ನಿಂತಿತೆಂದು ತಕ್ಷಣ ಎಂಜಿನ್ ಬಿಚ್ಚಲು ಕೂರಬೇಡಿ.

“ಕಾರಿನ ಪಾರ್ಟೇ ಹಾಕಿದ್ರೆ ಆಯ್ತು, ಕಾಲು ಭಾಗ ದುಡ್ಡಿಗೆ ಸಿಗುತ್ತೆ.”

ಆಯಿಲ್ ಫಿಲ್ಟರಿನ ವಿಷಯದಲ್ಲಿ ವಾದ ಮಾಡಬಹುದು. ಸ್ಟಾರ್ಟರ್, ಆಲ್ಟರ್ನೇಟರ್, ಇಂಧನ ಪಂಪ್ ವಿಷಯದಲ್ಲಿ ವಾದವೇ ಬೇಡ. ಕಾರಿನ ಬಾನೆಟ್ಟಿನ ಕೆಳಗೆ ಸೋರಿದ ಪೆಟ್ರೋಲಿನ ಆವಿ ನೆಲಕ್ಕೆ ಇಳಿದು ಗಾಳಿಗೆ ಹೋಗುತ್ತದೆ. ದೋಣಿಯ ತಳಕ್ಕೆ ತೂತಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ತಳದ ಪೊಳ್ಳಿನಲ್ಲಿ, ಅಂದರೆ ಬಿಲ್ಜಿನಲ್ಲೇ ತುಂಬಿಕೊಂಡು ಕೂರುತ್ತದೆ. ಕಾರಿನ ಸ್ಟಾರ್ಟರಿನೊಳಗೆ ಹಾರುವ ಒಂದು ಕಿಡಿ ಸಾಕು. ಹಡಗಿಗೆಂದು ಮಾಡಿದ ಭಾಗಗಳಲ್ಲಿ ಆ ಕಿಡಿ ಹೊರಗಿನ ಆವಿಗೆ ಹತ್ತದಂತೆ ಮುಚ್ಚಿರುತ್ತಾರೆ. ಹೆಚ್ಚುವರಿ ದುಡ್ಡು ಹೋಗುವುದು ಆ ಮುಚ್ಚಿಗೆಗೆ. ಎಂಜಿನ್ ಕೋಣೆಗೆ ಬ್ಲೋವರ್ ಇದ್ದರೆ ಚಾಲೂ ಮಾಡುವ ಮೊದಲು ಕನಿಷ್ಠ 4 ನಿಮಿಷ ಓಡಿಸಿ, ಆಮೇಲೂ ಒಮ್ಮೆ ಮೂಸಿ ನೋಡಿ. ಮೂಗು ಹೇಳುವುದನ್ನು ಯಾವ ಸೆನ್ಸಾರಿಗೂ ಬಿಟ್ಟುಕೊಡಬಾರದು ಎನ್ನುವುದು ನನ್ನ ಹಟ.

“ಮನೆ ಮುಂದೆ ಪೈಪು ಹಾಕಿ ಓಡಿಸಿ ನೋಡಬಹುದು.”

ಬಹುದು, ಆದರೆ ಕ್ರಮ ತಪ್ಪಿದರೆ ಎಂಜಿನ್ ಹೋಯಿತು. ಬಹುತೇಕ ಜೆಟ್ ಸ್ಕಿಗಳಲ್ಲಿ ತಂಪಿನ ನೀರು ಬರುವುದು ಜೆಟ್ ಪಂಪಿನ ಒತ್ತಡದಿಂದಲೇ. ನೆಲದ ಮೇಲೆ ಆ ನೀರಿಲ್ಲ, ಪೈಪು ಬೇಕು. ಮೊದಲು ಎಂಜಿನ್ ಚಾಲೂ, ಆಮೇಲೆ ನಲ್ಲಿ. ನಿಲ್ಲಿಸುವಾಗ ಮೊದಲು ನಲ್ಲಿ ಬಂದ್, ಆಮೇಲೆ ಎಂಜಿನ್. ಸಾಮಾನ್ಯ ಬುದ್ಧಿ ಇದರ ತಿರುವುಮುರುವು ಹೇಳುತ್ತದೆ, ಅಲ್ಲೇ ಮೋಸ. ಎಂಜಿನ್ ನಿಂತಿರುವಾಗ ನೀರು ಬಿಟ್ಟರೆ ಅದನ್ನು ಹೊರಗೆ ಊದುವ ಹೊಗೆಯ ಒತ್ತಡವಿರುವುದಿಲ್ಲ, ಎಕ್ಸಾಸ್ಟ್ ತುಂಬಿ ನೀರು ಸಿಲಿಂಡರಿಗೇ ಹಿಂತಿರುಗುತ್ತದೆ. ನೀರಿಲ್ಲದೆ ಓಡಿಸುವುದು ಕೆಲವು ಸೆಕೆಂಡುಗಳಷ್ಟೇ ಇರಲಿ. ಎಕ್ಸಾಸ್ಟಿನ ರಬ್ಬರ್ ಕೊಳವೆಗಳೂ ಶಾಫ್ಟಿನ ಸೀಲೂ ಬೇಗ ಸುಡುತ್ತವೆ. ಕೂಲೆಂಟ್ ಇರುವ ಮುಚ್ಚಿದ ವ್ಯವಸ್ಥೆಯ ಎಂಜಿನ್ನಿನಲ್ಲೂ ಎಕ್ಸಾಸ್ಟಿಗೆ ಹೊರಗಿನ ನೀರೇ ಬೇಕು, ಅದನ್ನು ಮರೆಯುವವರು ಬಹಳ.

“ಇದು ಸಿಹಿ ನೀರು, ತುಕ್ಕಿನ ಭಯವಿಲ್ಲ.”

ಉಪ್ಪಿನ ಭಯ ಕಡಿಮೆ, ನಿಜ. ಆದರೆ ಪಂಪಿನ ಮೈ ಅಲ್ಯುಮಿನಿಯಂ, ಇಂಪೆಲ್ಲರ್ ಸ್ಟೇನ್‌ಲೆಸ್ ಉಕ್ಕು. ಎರಡು ಲೋಹ, ನಡುವೆ ನೀರು. ಅಲ್ಯುಮಿನಿಯಂ ಕರಗುತ್ತಲೇ ಇರುತ್ತದೆ. ಅದರ ಬದಲು ಕರಗಲೆಂದು ಆನೋಡ್ ತುಂಡು ಹಾಕಿರುತ್ತಾರೆ. ಮಲ್ಪೆಯಿಂದ ಬಂದ ದೋಣಿಯಲ್ಲಿ ಅದು ಸತುವಿನದಿರುತ್ತದೆ, ಉಪ್ಪುನೀರಿಗೆ ಸರಿ. ಸಿಹಿನೀರಿನಲ್ಲಿ ಸತುವಿನ ಮೇಲೆ ಗಟ್ಟಿ ಪದರ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ. ಮೊದಲಿನಷ್ಟೇ ದಪ್ಪಗಿರುವ ಆನೋಡ್ ನೋಡಿ ‘ಚೆನ್ನಾಗಿದೆ’ ಎಂದು ಖುಷಿಪಟ್ಟರೆ ಒಳಗೆ ಪಂಪೇ ಕರಗುತ್ತಿರುತ್ತದೆ. ಸಿಹಿನೀರಿಗೆ ಮೆಗ್ನೀಷಿಯಂ, ಅಳಿವೆಯ ಅರೆಉಪ್ಪು ನೀರಿಗೆ ಅಲ್ಯುಮಿನಿಯಂ. ಮೆಗ್ನೀಷಿಯಂ ಹಾಕಿದ ದೋಣಿಯನ್ನು ಮತ್ತೆ ಕಡಲಿಗೆ ಒಯ್ದರೆ ಅದು ಕೆಲವೇ ದಿನಕ್ಕೆ ಕರಗಿ ಮುಗಿಯಬಹುದು. ಆಗ ಮತ್ತೆ ಬದಲಿಸಿ.

ಒಳನಾಡಿನ ಕೆರೆಗಳ ನಿಜವಾದ ಶತ್ರು ಜಲಕಳೆ. ಅದರ ನಾರು ಜಾಲರಿಗೆ ಸುತ್ತಿಕೊಂಡು ನೀರು ಬರುವ ದಾರಿಯನ್ನೇ ಮುಚ್ಚುತ್ತದೆ. ಆಗ ಏಳುವ ಗುಳ್ಳೆಗಳು ಗಾಳಿಯವಲ್ಲ. ಒತ್ತಡ ಕುಸಿದು ತಣ್ಣೀರೇ ಆವಿಯಾಗಿ ಕುದಿಯುವ ಗುಳ್ಳೆಗಳವು, ಒಡೆಯುವಾಗ ಉಕ್ಕಿನ ಅಲಗಿನಲ್ಲೂ ಗುಳಿ ತೋಡುತ್ತವೆ.

“ದೊಡ್ಡ ಎಂಜಿನ್ ಕೂರಿಸಿದರೆ ವೇಗ ತಾನಾಗಿ ಬರುತ್ತೆ.”

ಪಂಪು ಬೇಡುವ ಶಕ್ತಿ ಸುತ್ತಿನ ಘನಕ್ಕೆ ಅನುಗುಣ. ಸುತ್ತನ್ನು ಶೇ. 10 ಏರಿಸಲು ಶಕ್ತಿ ಶೇ. 33 ಹೆಚ್ಚಬೇಕು. ತಿರುಗಿಸಿ ಹೇಳಿದರೆ, ಶಕ್ತಿಯನ್ನು ಕಾಲುಭಾಗ ಹೆಚ್ಚಿಸಿದರೂ ಸುತ್ತು ಶೇ. 8ರಷ್ಟು ಕೂಡ ಏರುವುದಿಲ್ಲ. ಇಂಪೆಲ್ಲರನ್ನು ಹೊಸ ಎಂಜಿನ್ನಿಗೆ ಹೊಂದಿಸದಿದ್ದರೆ ಲಕ್ಷಗಟ್ಟಲೆ ಸುರಿದು ಸಿಗುವುದು ಸದ್ದು. ಅಷ್ಟು ದುಡ್ಡಿನ ಸಣ್ಣ ಪಾಲಿನಲ್ಲಿ ಹೊಸ ವೇರ್ ರಿಂಗ್, ಅಲಗು ತಿದ್ದಿಸಿ ತೂಕ ಸರಿ ಮಾಡಿಸಿದ ಇಂಪೆಲ್ಲರ್, ಪಂಪು ತಳಕ್ಕೆ ಕೂರುವ ಅಂಚಿಗೆ ಹೊಸ ಸೀಲು, ಇಷ್ಟಾಗುತ್ತದೆ. ಆ ಸೀಲು ಬಿರುಕು ಬಿಟ್ಟರೆ ಪಂಪು ಗಾಳಿ ಎಳೆಯುತ್ತದೆ, ಎಂಥ ಎಂಜಿನ್ ಇದ್ದರೂ ಕೈಕೊಡುತ್ತದೆ. ಬಿಲ್ಜಿನಲ್ಲಿ ನಿಂತ ನೀರು, ಬೇಡದ ಸಾಮಾನು ಹೊರಹಾಕುವುದೂ ಅಪ್‌ಗ್ರೇಡೇ, ಅದಕ್ಕೆ ಬಿಲ್ಲಿಲ್ಲ ಅಷ್ಟೇ.

“ಅಂಗೈ ಆಳದ ನೀರಿದ್ದರೆ ಸಾಕು.”

ಓಡುತ್ತಿರುವಾಗ ಮಾತ್ರ. 1977ರಲ್ಲಿ ಎಡ್ಮಂಡ್ ಹಿಲರಿ ಮೂರು ಜೆಟ್ ದೋಣಿಗಳಲ್ಲಿ ಗಂಗಾಸಾಗರದಿಂದ ಗಂಗೆಯ ಪ್ರವಾಹಕ್ಕೆ ಎದುರಾಗಿ ಹೊರಟು, ನಂದಪ್ರಯಾಗದ ಬಳಿ ಜಲಪಾತ ಅಡ್ಡ ಬರುವವರೆಗೂ ಹೋದರು. ದೋಣಿ ನಡೆಸಿದವರಲ್ಲಿ ಬಿಲ್ ಹ್ಯಾಮಿಲ್ಟನ್ನರ ಮಗ ಜಾನ್ ಇದ್ದರು. ಈ ಕತೆ ಕೇಳಿದವರೆಲ್ಲ ದಡದಲ್ಲೇ ಥ್ರಾಟಲ್ ಎಳೆಯುತ್ತಾರೆ. ವೇಗದಲ್ಲಿ ದೋಣಿ ನೀರಿನ ಮೇಲೆದ್ದು ಜಾರುತ್ತದೆ. ನಿಂತಾಗ ಅದು ಕುಳಿತಿರುತ್ತದೆ, ಜಾಲರಿ ತಳಕ್ಕೆ ಹತ್ತಿರವಿರುತ್ತದೆ, ಎಳೆತಕ್ಕೆ ಜಲ್ಲಿ ಮರಳು ನೇರ ಪಂಪಿಗೆ. ಸೊಂಟದುದ್ದ, ಅಂದರೆ ಸುಮಾರು 90 ಸೆಂ.ಮೀ. ನೀರಿನವರೆಗೆ ಕೈಯಿಂದ ತಳ್ಳಿಕೊಂಡು ಹೋಗಿ, ಆಮೇಲೆ ಚಾಲೂ ಮಾಡಿ.

“ಅಲಗು ಹೊರಗಿಲ್ಲ, ಮಕ್ಕಳಿಗೂ ಸುರಕ್ಷಿತ.”

ಮುಂದೆ ಅಡ್ಡ ಬಂದದ್ದನ್ನು ಕಂಡರೆ ಯಾರಾದರೂ ಥ್ರಾಟಲ್ ಬಿಟ್ಟು ಹ್ಯಾಂಡಲ್ ತಿರುಗಿಸುತ್ತಾರೆ. ಜೆಟ್ಟಿನಲ್ಲಿ ಅದು ನಡೆಯದು. ಚುಕ್ಕಾಣಿ ಇಲ್ಲ, ತಿರುಗಿಸುವುದು ಹೊರಚಿಮ್ಮುವ ನೀರೇ. ನೀರು ನಿಂತರೆ ದೋಣಿ ನೆಟ್ಟಗೆ ಹೋಗಿ ಗುದ್ದುತ್ತದೆ. ಇತ್ತೀಚಿನ ಮಾದರಿಗಳಲ್ಲಿ ಇದಕ್ಕೆ ಪರಿಹಾರ ಕೊಟ್ಟಿದ್ದಾರೆ, ಹಳೆಯ ಗಾಡಿಯಲ್ಲಿ ತಿರುಗಲು ಥ್ರಾಟಲ್ ಬೇಕೇ ಬೇಕು. ಜಾಲರಿಯ ಎಳೆತಕ್ಕೆ ಹಗ್ಗ, ಉದ್ದ ಕೂದಲು, ಲೈಫ್ ಜಾಕೆಟ್ಟಿನ ಪಟ್ಟಿ ಸಿಕ್ಕಬಹುದು. ಕಳೆ ತೆಗೆಯುವಾಗ ಎಂಜಿನ್ ಆಫ್ ಮಾಡಿದರೆ ಸಾಲದು, ಕೈಗೆ ಕಟ್ಟುವ ಲ್ಯಾನ್ಯಾರ್ಡ್ ಕಿತ್ತು ಜೇಬಿನಲ್ಲಿರಬೇಕು. ಹಿಂದೆ ಕೂತವರು ನಾಝಲಿನ ಎದುರಿಗೆ ಬಿದ್ದರೆ ನೀರಿನ ರಭಸ ದೇಹದೊಳಗೇ ಗಾಯ ಮಾಡುತ್ತದೆ. ತಯಾರಕರು ದಪ್ಪ ವೆಟ್‌ಸೂಟ್ ಚಡ್ಡಿ ಹಾಕಿ ಎನ್ನುವುದು ಚಳಿಗಲ್ಲ, ಇದಕ್ಕೆ.

“ಚಳಿಗಾಲಕ್ಕೆ ಮುನ್ನ ಆಂಟಿಫ್ರೀಝ್ ತುಂಬಿ ಮುಚ್ಚಿಡಬೇಕು.”

ಅದು ಹಿಮ ಬೀಳುವ ದೇಶದವರ ವಿಡಿಯೊ ನೋಡಿ ಬಂದ ಬುದ್ಧಿ. ಇಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ನಮ್ಮ ತೊಂದರೆ ಬಿಸಿಲು, ಇಲಿ, ಪೆಟ್ರೋಲು. ಬಂಕಿನಲ್ಲಿ ಈಗ ಸಿಗುವುದು ಶೇ. 20 ಎಥನಾಲ್ ಬೆರೆತದ್ದು. ಬಹಳಷ್ಟು ಜೆಟ್ ಸ್ಕಿಗಳ ಕೈಪಿಡಿಗಳು ಶೇ. 10ರ ಮೇಲೆ ಬೇಡ ಎನ್ನುತ್ತವೆ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಮಿತಿ ಮೀರಿದರೆ ನೀರಿನ ಜೊತೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಎಂಜಿನ್ ಹೀರುವುದೂ ತಳದಿಂದಲೇ. ತಿಂಗಳುಗಟ್ಟಲೆ ನಿಲ್ಲಿಸುವ ದೋಣಿಯ ಟ್ಯಾಂಕನ್ನು ಖಾಲಿ ಮಾಡಿಡಿ, ಹಳೆಯ ರಬ್ಬರ್ ಇಂಧನ ಕೊಳವೆಗಳನ್ನು ಎಥನಾಲ್ ತಡೆಯುವಂಥವುಗಳಿಗೆ ಬದಲಿಸಿ, ತಳದ ಡ್ರೈನ್ ಪ್ಲಗ್ ಬಿಚ್ಚಿಡಿ.

“ರಿಪೇರಿ ಆಯ್ತು, ಪಕ್ಕದಲ್ಲೇ ಹಿಮಾಯತ್ ಸಾಗರ.”

ಇದಕ್ಕೆ ನನ್ನ ಉತ್ತರ ‘ಬೇಡ’ ಎಂದೇ. 1908ರ ಸೆಪ್ಟೆಂಬರಿನ ಮೂಸಿ ಪ್ರವಾಹದ ನಂತರ ನಮ್ಮ ವಿಶ್ವೇಶ್ವರಯ್ಯನವರು ಬಂದು ಯೋಜನೆ ಹಾಕಿಕೊಟ್ಟರು. ಅದರಂತೆ ಮೂಸಿಗೆ ಉಸ್ಮಾನ್ ಸಾಗರ, ಈಸಿ ನದಿಗೆ 1927ರಲ್ಲಿ ಹಿಮಾಯತ್ ಸಾಗರ ಬಂದವು. ಪ್ರವಾಹ ತಡೆಯಲು ಕಟ್ಟಿದ್ದು ನಗರದ ಕುಡಿಯುವ ನೀರೂ ಆಯಿತು. ‘111 ಜಿಓ’ ಎಂದರೆ ಶಂಶಾಬಾದಿನವರಿಗೆ ಜಮೀನಿನ ಬೆಲೆಯ ಮಾತು. 1996ರ ಆ ಆದೇಶ ಹುಟ್ಟಿದ್ದು ಈ ಎರಡು ಕೆರೆಗಳ ಸುತ್ತ 10 ಕಿ.ಮೀ. ಕಾಪಾಡಲು. 2022ರಲ್ಲಿ ಆ ಕಟ್ಟು ಸಡಿಲವಾಯಿತು, ಆದರೆ ನೀರು ಇಂದಿಗೂ ಕುಡಿಯುವ ನೀರೇ. ಅಂಗಳದಲ್ಲಿ ಜೋಡಿಸಿದ, ಆಯಿಲ್ ಎಲ್ಲಿ ಸೋರುತ್ತದೆಂದು ಇನ್ನೂ ತಿಳಿಯದ ಎಂಜಿನ್ನಿಗೆ ಅದು ಪರೀಕ್ಷೆಯ ಜಾಗವಲ್ಲ.

ಉಳಿದ ಒಳನಾಡಿನ ನೀರಿಗೂ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ. ಯಂತ್ರದಿಂದ ಓಡುವ ದೋಣಿಗೆ ಸರ್ವೆ, ನೋಂದಣಿ ಬೇಕು. ಎಂಜಿನ್ ಬದಲಿಸಿದರೆ ಪುಸ್ತಕದಲ್ಲಿರುವ ದೋಣಿಯೇ ಬೇರೆ, ನೀರಿನಲ್ಲಿರುವ ದೋಣಿಯೇ ಬೇರೆ ಆಗುತ್ತದೆ. ಅದನ್ನು ನೋಂದಣಿ ಅಧಿಕಾರಿಗೂ ವಿಮೆಯವರಿಗೂ ಬರೆದು ತಿಳಿಸಿ, ಸ್ಥಳೀಯ ಅನುಮತಿ ಕೈಗೆ ಬಂದ ಮೇಲೆ ಟ್ರೇಲರ್ ಹೊರಡಲಿ.